ಶಿಕಾಗೋದ ಲ್ಯಾಟಿನೊ ಬೀದಿಗಳಲ್ಲಿ ಕ್ಷೇತ್ರಕಾರ್ಯ: ಮೆರವಣಿಗೆಗಿಂತ ಮೊದಲಿನ ಸಭೆಗಳು

ಶಿಕಾಗೋಗೆ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದವರ) ರಾಜಕೀಯ ನೋಡಲು ಬರುವವರು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಇಪ್ಪತ್ತಾರನೇ ಬೀದಿಯ ಮೆಕ್ಸಿಕನ್ ಸ್ವಾತಂತ್ರ್ಯೋತ್ಸವದ ಮೆರವಣಿಗೆಗೆ ಕ್ಯಾಮೆರಾ ಹಿಡಿದು ನಿಲ್ಲುತ್ತಾರೆ. ನಾನು ಹೆಚ್ಚು ಹೊತ್ತು ಕೊಡುವುದು ಇಂಥ ಕಾರ್ಯಕ್ರಮಗಳ ತಯಾರಿ ಸಭೆಗಳಿಗೆ. ಯಾರ ಬ್ಯಾನರ್ ಮುಂದೆ, ಮೈಕು ಯಾರ ಕೈಗೆ ಎಂಬ ಜಗ್ಗಾಟ ಅಲ್ಲೇ ನಡೆಯುತ್ತದೆ.

ಸಭೆಯಲ್ಲಿ ನೋಟ್‌ಬುಕ್ಕಿಗೆ ನಾಲ್ಕು ಕಲಂ: ಯಾರು ಮಾತಾಡಿದರು, ಎಷ್ಟು ನಿಮಿಷ, ಯಾವ ಭಾಷೆ, ಮಾತು ತುಂಡು ಮಾಡಿದ್ದು ಯಾರು. ಆಲ್ಡರ್‌ಮನ್ (ವಾರ್ಡಿನ ನಗರಸಭಾ ಸದಸ್ಯ) ಕಚೇರಿಯವರು ಬಾಗಿಲಲ್ಲಿ ಕಂಡ ಕೂಡಲೇ ಸ್ಪ್ಯಾನಿಷ್ ಹೋಗಿ ಇಂಗ್ಲಿಷ್ ಬಂದರೆ, ಆಗ ಸುಮ್ಮನಾಗುವವರು ಯಾರೆಂದು ಬರೆದಿಟ್ಟುಕೊಳ್ಳಬೇಕು. ರೆಕಾರ್ಡರಿಗೆ ಅದು ಸಿಗುವುದಿಲ್ಲ. ತಮಾಲೆ ಎಂಬ ಜೋಳದ ಹಿಟ್ಟಿನ ತಿಂಡಿ ಮಾರಿ ನಿಧಿ ಕೂಡಿಸುವ ಹೆಂಗಸರು ಅಡುಗೆಮನೆಯಲ್ಲಿರುತ್ತಾರೆ. ಹಾಗಾಗಿ ಅರ್ಧ ಹೊತ್ತು ನಾನೂ ಅಲ್ಲೇ, ಜೋಳದ ಸಿಪ್ಪೆಗೆ ಹಿಟ್ಟು ಸವರುತ್ತಾ. ಕೈ ಬಿಡುವಾದಾಗ ಫೋನಿನಲ್ಲಿ ನಾಲ್ಕಾರು ಪದ ಗುರುತು ಹಾಕಿಕೊಂಡು, ಅದೇ ರಾತ್ರಿ ಪೂರ್ತಿ ಬರೆಯುತ್ತೇನೆ. ಒಂದು ಗಂಟೆ ನೋಡಿದ್ದಕ್ಕೆ ಎರಡು ಮೂರು ಗಂಟೆ ಬರವಣಿಗೆ ಬೇಕು. ಮರುದಿನಕ್ಕೆ ಬಿಟ್ಟರೆ ಅವರ ಮಾತು ಹೋಗಿ ನಮ್ಮ ಸಾರಾಂಶ ಉಳಿಯುತ್ತದೆ.

ಮೆಕ್ಸಿಕನ್ನರ ಊರ ಸಂಘಗಳನ್ನು, ಅಂದರೆ ಒಂದೇ ಊರಿಂದ ವಲಸೆ ಬಂದವರ ಸಂಘಗಳನ್ನು, ಬಿಟ್ಟರೆ ಅರ್ಧ ರಾಜಕೀಯ ಬಿಟ್ಟಂತೆ. ಸಂಘ ಒಂದು ಡಾಲರ್ ಹಾಕಿದರೆ ಮೆಕ್ಸಿಕೋದ ಕೇಂದ್ರ, ರಾಜ್ಯ, ಪುರಸಭೆ ತಲಾ ಒಂದು ಸೇರಿಸುವ 'ಒಂದಕ್ಕೆ ಮೂರು' ಯೋಜನೆ 2002ರಿಂದ ವರ್ಷಗಟ್ಟಲೆ ನಡೆಯಿತು. ಊರ ರಸ್ತೆಗೆ ದುಡ್ಡು ಕೊಟ್ಟವನು ಅಲ್ಲಿನ ಮೇಯರನನ್ನೂ ಲೆಕ್ಕ ಕೇಳುತ್ತಾನೆ.

ಶಿಕಾಗೋದ ಇನ್ನೊಂದು ಬಡಾವಣೆ ಹಂಬೋಲ್ಟ್ ಪಾರ್ಕಿನ ಕಥೆ ಬೇರೆ. ಡಿವಿಷನ್ ಬೀದಿಯಲ್ಲಿ 1995ರಲ್ಲಿ ನಿಲ್ಲಿಸಿದ 59 ಅಡಿಯ ಉಕ್ಕಿನ ಬಾವುಟಗಳು ಅಮೆರಿಕದ ಅಧೀನದ ದ್ವೀಪ ಪೋರ್ಟೊ ರಿಕೊದವು. ಆ ಜನ 1917ರಿಂದಲೇ ಅಮೆರಿಕದ ಪ್ರಜೆಗಳು, ವೀಸಾದ ಭಯ ಅವರದಲ್ಲ. ಇಪ್ಪತ್ತಾರನೇ ಬೀದಿಯ ಮೆಕ್ಸಿಕನ್ ಬಡಾವಣೆಯನ್ನೂ ಈ ಪೋರ್ಟೊ ರಿಕನ್ ಬಡಾವಣೆಯನ್ನೂ ಸಪೂರ ಪಟ್ಟಿಯೊಂದರಿಂದ ಹೊಲಿದು 1992ರ ಚುನಾವಣೆಗೆ ಅಮೆರಿಕ ಸಂಸತ್ತಿನ ಕೆಳಮನೆಯ ಒಂದು ಕ್ಷೇತ್ರ, ಇಲಿನಾಯ್ ರಾಜ್ಯದ ನಾಲ್ಕನೇ ಮತಕ್ಷೇತ್ರ, ಮಾಡಿದರು. ನಡುವಿನ ಕಪ್ಪುಜನರ ಕ್ಷೇತ್ರ ಕೆಡದಂತೆ ಲ್ಯಾಟಿನೊ ಬಹುಮತ ಕಟ್ಟುವ ಉಪಾಯ ಅದು. ಮೊದಲು ಗೆದ್ದದ್ದು ಪೋರ್ಟೊ ರಿಕನ್ ಮೂಲದ ಲೂಯಿಸ್ ಗುಟಿಯೆರೆಸ್. 2019ರಲ್ಲಿ ಆ ಸ್ಥಾನಕ್ಕೆ ಮೆಕ್ಸಿಕೋದಲ್ಲಿ ಹುಟ್ಟಿದ ಚೂಯಿ ಗಾರ್ಸಿಯಾ ಬಂದರು. ಆದ್ದರಿಂದ 'ನೀವು ಲ್ಯಾಟಿನೊನಾ?' ಎಂದು ನಾನು ಕೇಳುವುದೇ ಇಲ್ಲ. 'ನಾವು ಲ್ಯಾಟಿನೊಗಳು' ಎಂದು ಯಾರು, ಯಾರ ಎದುರು, ಏನು ಬೇಡುವಾಗ ಹೇಳಿದರು ಎಂಬುದನ್ನು ಬರೆದುಕೊಳ್ಳುತ್ತೇನೆ.

ಸಂದರ್ಶನ ಕೆಲವು ತಿಂಗಳ ನಂತರ, ಒಂದರಿಂದ ಒಂದೂವರೆ ಗಂಟೆ. ಮೊದಲು ಮುಂದೆ ಬರುವ ವಕ್ತಾರರು ಪತ್ರಕರ್ತರಿಗೆ ಹೇಳಿ ಪಳಗಿದವರು, ಅವರದು ಬಾಯಿಪಾಠ. 'ವಾರ್ಡ್ ಕಚೇರಿಗೆ ಕೊನೆಯ ಸಲ ಯಾಕೆ ಹೋಗಿದ್ದಿರಿ?' ಎಂದರೆ ಪಾಠ ನಿಂತು ಸಂಗತಿ ಬರುತ್ತದೆ. ಒಂದು ಗಂಟೆಯ ಧ್ವನಿ ಬರಹಕ್ಕಿಳಿಯಲು ಐದಾರು ಗಂಟೆ ಹಿಡಿಯುತ್ತದೆ. ಸಾಫ್ಟ್‌ವೇರ್ ನಂಬಿದರೆ 'ಲಾ ತ್ರೋಕಾ' (ಟ್ರಕ್), 'ಲೋಂಚೆ' (ಲಂಚ್) ಥರದ ಇಂಗ್ಲಿಷ್ ಬೆರೆತ ಸ್ಪ್ಯಾನಿಷ್ ಮಾತುಗಳು ಶುದ್ಧಗೊಂಡು ಹಾಳಾಗುತ್ತವೆ.

ವಲಸೆಯ ಕಾಗದಪತ್ರವಿಲ್ಲದವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುವುದಿಲ್ಲ. ಅವರನ್ನು ಸಂಶೋಧನೆಗೆ ಕಟ್ಟುವ ಏಕೈಕ ದಾಖಲೆ ಆ ಸಹಿಯೇ ಆಗಬಹುದು. ಸಂಶೋಧನೆಯ ನೈತಿಕತೆ ನೋಡುವ ಸಮಿತಿಯಿಂದ ಬಾಯಿಮಾತಿನ ಒಪ್ಪಿಗೆಗೆ ಮೊದಲೇ ಅನುಮತಿ ತೆಗೆದುಕೊಳ್ಳಬೇಕು. ವಲಸೆ ಸ್ಥಿತಿ ಕೇಳುವುದಿಲ್ಲ, ಅವರಾಗಿ ಹೇಳಿದರೂ ಬರೆಯುವುದಿಲ್ಲ; ಕೋರ್ಟು ಕೇಳಿದರೆ ಟಿಪ್ಪಣಿ ಒಪ್ಪಿಸಬೇಕಾಗಿ ಬರಬಹುದು. ಫೋಟೊಗಳಿಂದ ಸ್ಥಳದ ಮಾಹಿತಿ ಅಳಿಸುತ್ತೇನೆ. ಹೆಸರು ಬದಲಿಸಿದರಷ್ಟೇ ಸಾಲದು, ಸಣ್ಣ ಸಂಘಕ್ಕೆ ಖಜಾಂಚಿ ಒಬ್ಬರೇ ಇರುತ್ತಾರೆ. ಖಜಾಂಚಿಯನ್ನು 'ಪದಾಧಿಕಾರಿ' ಎಂದೂ ಅವರ ಹಳ್ಳಿಯನ್ನು 'ಮೆಕ್ಸಿಕೋದ ಸಕಾತೆಕಾಸ್ ರಾಜ್ಯದ ಒಂದು ಊರು' ಎಂದೂ ಬರೆಯುತ್ತೇನೆ.