ನಾರ್ವೇಜಿಯನ್ ಕಲಿಯುತ್ತಿರುವವರಿಗೆ: ಇಂಗ್ಲಿಷ್ ಪದ ಹುಡುಕುವ ಮೊದಲು ಕನ್ನಡದಲ್ಲಿ ಹೇಳಿ ನೋಡಿ

ಇಂಗ್ಲಿಷಿನ ಒಂದೇ ಪದಕ್ಕೆ ಡಿಕ್ಷನರಿ ಮೂರ್ನಾಲ್ಕು ನಾರ್ವೇಜಿಯನ್ ಪದ ಕೊಟ್ಟರೆ, ಅದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ, ಎಷ್ಟೋ ಸಲ ಅಲ್ಲೇ ದಾರಿ ಸಿಗುತ್ತೆ. ಇಂಗ್ಲಿಷ್ ಒಂದೇ ಪದದಲ್ಲಿ ತುಂಬಿದ ಅರ್ಥಗಳನ್ನು ಕನ್ನಡವೂ ನಾರ್ವೇಜಿಯನ್ನೂ ಹೆಚ್ಚುಕಡಿಮೆ ಒಂದೇ ಕಡೆ ಬಿಡಿಸುತ್ತವೆ. ‘ನೋ’ (know) ತಗೊಳ್ಳಿ: ವಿಷಯ ಗೊತ್ತು ಅಂದರೆ ‘ವೇತ್’, ಮನುಷ್ಯರ ಪರಿಚಯ ಇದೆ ಅಂದರೆ ‘ಶೆನ್ನೆರ್’, ಭಾಷೆ ಬರುತ್ತೆ ಅಂದರೆ ‘ಕಾನ್’. ‘ನನಗೆ ಕನ್ನಡ ಬರುತ್ತೆ’ ಅನ್ನೋದು ‘ಯಾಯ್ ಕಾನ್ ಕನ್ನಡ’, ಎಷ್ಟು ಚೆಂದ ಹೊಂದುತ್ತೆ ನೋಡಿ! ‘ಟೈಮ್’ ಕೂಡ ಹಾಗೇ: ಹೊತ್ತು ‘ತೀದ್’, ಸಲ ‘ಗಾಂಗ್’. (ಬರವಣಿಗೆಯಲ್ಲಿ ಇಂಗ್ಲಿಷಿನ ‘ಟೈಮ್’ ಥರವೇ ಕಾಣುವ ‘ತೀಮೆ’ ಅಂದರೆ ಒಂದು ಗಂಟೆಯ ಅವಧಿ, ಹುಷಾರು.) ಕೈಕೊಡುವುದು ‘ಥಿಂಕ್’ನಲ್ಲಿ. ಯೋಚಿಸುವುದಕ್ಕೆ ‘ತೆಂಕೆರ್’ ಸರಿ, ಆದರೆ ನಾವು ‘ಊಟ ಚೆನ್ನಾಗಿದೆ ಅನ್ಸುತ್ತೆ’, ‘ನಾಳೆ ಮಳೆ ಬರುತ್ತೆ ಅನ್ಸುತ್ತೆ’ ಎರಡಕ್ಕೂ ಒಂದೇ ಮಾತು ಬಳಸ್ತೀವಿ. ಅಲ್ಲಿ ಹೀಗೆ ಕೇಳಿಕೊಳ್ಳಿ: ಇದು ನಿಜವೋ ಸುಳ್ಳೋ ಅಂತ ಆಮೇಲೆ ತಿಳಿಯುತ್ತಾ? ತಿಳಿಯುವುದಾದರೆ ‘ತ್ರೂರ್’, ಉಂಡು, ನೋಡಿ ಹೇಳುವ ಸ್ವಂತ ಅಭಿಪ್ರಾಯವಾದರೆ ‘ಸೀನೆಸ್’. ‘ಬಂದಾಗ’ ಅನ್ನುವಲ್ಲೂ ಕನ್ನಡ ನೆರವಾಗಲ್ಲ: ಹಿಂದೆ ಒಮ್ಮೆ ನಡೆದದ್ದಕ್ಕೆ ‘ದಾ’, ಪದೇ ಪದೇ ಆಗುವುದಕ್ಕೂ ಮುಂದೆ ಆಗುವುದಕ್ಕೂ ‘ನೋರ್’. ಇದನ್ನು ಬಾಯಿಪಾಠ ಮಾಡಲೇಬೇಕು.