ಸೈಬರ್‌ಪಂಕ್ ಕಥೆಯ ವರ್ಚುವಲ್ ಲೋಕದಲ್ಲಿ ಬಡವ-ಬಲ್ಲಿದರನ್ನು ತೋರಿಸುವುದು ಹೇಗೆ

ಸೈಬರ್‌ಪಂಕ್ ಎಂದರೆ ತಂತ್ರಜ್ಞಾನ ಬೆಳೆದರೂ ಬಡತನ ಹೋಗದ ಭವಿಷ್ಯದ ಕಥೆ; ವರ್ಚುವಲ್ ಲೋಕ ಎಂದರೆ ಅದರಲ್ಲಿ ಕಂಪ್ಯೂಟರ್ ಕಟ್ಟಿದ, ಯಂತ್ರದ ಮೂಲಕ ಒಳಹೋಗುವ ಜಗತ್ತು. ಮೊದಲು ಅಲ್ಲಿಗೆ ಒಳಹೋಗುವ ಖರ್ಚು ಯಾರದು ಎಂದು ಗೊತ್ತುಮಾಡಿಕೊಳ್ಳಿ: ಯಂತ್ರ ಸ್ವಂತದ್ದೋ, ಬಾಡಿಗೆಯದೋ, ಕಂಪನಿ ಕೊಟ್ಟಿದ್ದೋ. ಉಳಿದದ್ದೆಲ್ಲ ಅದರಿಂದಲೇ ಹುಟ್ಟುತ್ತದೆ.

ಆಮೇಲೆ ಆ ವ್ಯತ್ಯಾಸ ಕಣ್ಣಿಗೆ ಬೀಳಬೇಕು. ನೀಲ್ ಸ್ಟೀಫನ್‌ಸನ್ 1992ರ ಕಾದಂಬರಿ ‘ಸ್ನೋ ಕ್ರ್ಯಾಶ್’ನಲ್ಲಿ ಮಾಡಿದ್ದು ಇದನ್ನೇ. ಸಾರ್ವಜನಿಕ ಕಂಪ್ಯೂಟರ್ ಟರ್ಮಿನಲ್‌ನಿಂದ ಬಂದವರು ಅಲ್ಲಿ ಕಪ್ಪು-ಬಿಳುಪಾಗಿ, ತರಿತರಿಯಾಗಿ ಕಾಣುತ್ತಾರೆ. ಸ್ವಂತ ಅವತಾರ (ಆ ಲೋಕದಲ್ಲಿ ಕಾಣುವ ರೂಪ) ರಚಿಸಲು ಬಾರದವರು ಅಂಗಡಿಯ ಸಿದ್ಧ ಮುಖ ಹಾಕಿಕೊಂಡು ಓಡಾಡುತ್ತಾರೆ. (‘ಅವತಾರ’ ನಮ್ಮದೇ ಪದ; ಇಲ್ಲಿ ಅದಕ್ಕೆ ಬೆಲೆಚೀಟಿ ಅಂಟಿದೆ.) ‘ಅವನು ಬಡವ’ ಎಂಬ ವಾಕ್ಯವೇ ಬೇಕಾಗುವುದಿಲ್ಲ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ: ಹೊರಗಿರುವ ದೇಹವನ್ನೇ ಮರೆಯುತ್ತಾರೆ. ಅದೇ ಕಾದಂಬರಿಯ ನಾಯಕ, ‘ಹಿರೋ’ ಎಂಬ ಹೆಸರಿನವನು, ಒಳಗೆ ಹೆಸರುವಾಸಿ ಕತ್ತಿವರಸೆಗಾರ. ಹೊರಗೆ ಗೋದಾಮಿನ ಬಾಡಿಗೆ ಖೋಲಿಯಲ್ಲಿ ಇನ್ನೊಬ್ಬನ ಜೊತೆ ವಾಸ. ಹಾಗಾಗಿ ಪ್ರತಿ ವರ್ಚುವಲ್ ದೃಶ್ಯಕ್ಕೆ ಹೊರಗಿನ ಒಂದೆರಡು ವಾಕ್ಯ ಸೇರಿಸಿ: ಹಸಿವು, ಬೆನ್ನುನೋವು, ಮುಗಿಯುತ್ತ ಬಂದ ಬಾಡಿಗೆ ಗಂಟೆ.

ಒಳಗೆ ಕಾಲಿಟ್ಟೊಡನೆ ಎಲ್ಲರೂ ಸಮಾನರಾದರೆ ಕಥೆಯ ಬಿಗಿ ಸಡಿಲವಾಗುತ್ತದೆ. ನೆಟ್‌ವರ್ಕಿನ ತೊದಲನ್ನು ಬಳಸಿ: ಬಡವನ ಕೂಗು ಅರ್ಧ ಸೆಕೆಂಡು ತಡ, ಅಷ್ಟರಲ್ಲಿ ಹರಾಜು ಮುಗಿದಿರುತ್ತದೆ. ಒಂದೇ ದೃಶ್ಯಕ್ಕೆ ಮೂರ್ನಾಲ್ಕು ಗುರುತು ತುರುಕಬೇಡಿ; ಒಂದು ಸಾಕು.