ನಿಬ್ಬಿನ ಓರೆಯಲ್ಲಿ ಅಕ್ಷರಗಳ ಚರಿತ್ರೆ

ಪಾಶ್ಚಾತ್ಯ ಕ್ಯಾಲಿಗ್ರಫಿ ಕಲಿಯಬೇಕೆನ್ನುವ ಬಹಳ ಮಂದಿ ಆಮಂತ್ರಣ ಪತ್ರಿಕೆಗಳಲ್ಲಿ ಕಾಣುವ ಸುರುಳಿ ಸುರುಳಿಯಾದ ಕಾಪರ್‌ಪ್ಲೇಟ್ ಬರಹಕ್ಕೆ ಮನಸೋತು ಅಲ್ಲಿಂದಲೇ ಶುರುಮಾಡುತ್ತಾರೆ. ನಾವು ಶಾಲೆಯಲ್ಲಿ ನಾಲ್ಕು ಗೆರೆ ಪುಸ್ತಕದಲ್ಲಿ ತಿದ್ದಿದ ಕೂಡುಬರಹವೂ ಅದೇ ವಂಶದ್ದು. ಆದರೆ ಚೂಪು ಮೊನೆಯ ಆ ಶೈಲಿ ಬೆಳೆದದ್ದು 17 ಮತ್ತು 18ನೇ ಶತಮಾನಗಳಲ್ಲಿ. ಅದಕ್ಕೂ ಮೊದಲು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಯುರೋಪಿನ ಲಿಪಿಕಾರರು ಪುಸ್ತಕ ಬರೆದದ್ದು ತುದಿಯನ್ನು ಅಡ್ಡಕ್ಕೆ ಕತ್ತರಿಸಿದ ಗರಿಯ ಲೇಖನಿಯಿಂದ. ಆ ಅಗಲ ತುದಿ ಮೊದಲು ಕೈಗೆ ಹತ್ತಲಿ ಎಂದು ನಾನು ನಿರ್ಧರಿಸಿದೆ.

ಮೊದಲ ಸಲಕರಣೆ ಎರಡು ಪೆನ್ಸಿಲ್. ಎರಡನ್ನೂ ಪಕ್ಕಪಕ್ಕ ಇಟ್ಟು, ಮೊನೆಗಳು ಒಟ್ಟಿಗೆ ಕಾಗದಕ್ಕೆ ತಾಗುವಂತೆ ರಬ್ಬರ್ ಬ್ಯಾಂಡ್ ಸುತ್ತಿದೆ. ಆ ಮೊನೆಗಳನ್ನು ಗೆರೆಗೆ 30 ಡಿಗ್ರಿ ಓರೆಯಲ್ಲಿ ಇಟ್ಟು ಕೈ ತಿರುಗಿಸದೆ ಇಂಗ್ಲಿಷಿನ 'ಓ' ಬರೆದರೆ ಎರಡು ವೃತ್ತಗಳು ಒಂದನ್ನೊಂದು ದಾಟಿಕೊಂಡು ಮೂಡುತ್ತವೆ. ಅವು ಸಂಧಿಸುವ ಜಾಗ, ಗಡಿಯಾರದಲ್ಲಿ ಹನ್ನೊಂದು ಮತ್ತು ಐದರ ಹತ್ತಿರ, ಅಕ್ಷರ ಅತಿ ತೆಳುವಾಗುವ ಜಾಗ. ಒತ್ತಡ ಹೆಚ್ಚು ಕಡಿಮೆ ಮಾಡಿದ್ದರಿಂದ ಬಂದ ದಪ್ಪ ತೆಳು ಅಲ್ಲ ಇದು, ಬರೀ ಕೋನದಿಂದ ಬಂದದ್ದು. 30 ಡಿಗ್ರಿಯಲ್ಲಿ ಅಡ್ಡಗೆರೆಗೆ ನಿಬ್ಬಿನ ಅಗಲದ ಸರಿಯಾಗಿ ಅರ್ಧ ದಪ್ಪ ಸಿಗುತ್ತದೆ, ಲಂಬಗೆರೆಗೆ ಸುಮಾರು 87 ಶೇಕಡಾ. ಇಷ್ಟು ಕಣ್ಣಿಗೆ ಕಂಡ ಮೇಲೆಯೇ ನಿಬ್ಬು ಶಾಯಿಗೆ ಅದ್ದಿದೆ.

ಈ ಕ್ರಮಕ್ಕೆ ನಾನು ಎಡ್ವರ್ಡ್ ಜಾನ್‌ಸ್ಟನ್ ಅವರಿಗೆ ಋಣಿ. 1872ರಲ್ಲಿ ಉರುಗ್ವೆಯಲ್ಲಿ ಹುಟ್ಟಿ, ಅನಾರೋಗ್ಯದಿಂದ ವೈದ್ಯಕೀಯ ಓದು ಬಿಟ್ಟ ಅವರು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಹಳೆಯ ಹಸ್ತಪ್ರತಿಗಳ ಮುಂದೆ ಕುಳಿತು, ಇವನ್ನು ಯಾವ ಲೇಖನಿ ಹೇಗೆ ಹಿಡಿದು ಬರೆದಿರಬೇಕು ಎಂದು ಹುಡುಕಿದರು. 1899ರಿಂದ ಲಂಡನ್ನಿನಲ್ಲಿ ಕಲಿಸತೊಡಗಿದರು. ಮೊದಮೊದಲು ಅವರು ಕಲಿಸಿದ್ದು ಅರ್ಧ ಅನ್ಶಿಯಲ್ ಎಂಬ ಹಳೆಯ ದುಂಡು ಲಿಪಿ. ಆಮೇಲೆ 10ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಬರೆದ, ರ‍್ಯಾಮ್ಸೆ ಸಾಲ್ಟರ್ ಎಂದು ಹೆಸರಾದ ಕೀರ್ತನೆಗಳ ಹಸ್ತಪ್ರತಿಯನ್ನು ಆಧಾರವಾಗಿಟ್ಟುಕೊಂಡು 'ಫೌಂಡೇಶನಲ್' ಶೈಲಿಯನ್ನು ರೂಪಿಸಿದರು. ಆ ಪುಟಗಳ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡುತ್ತಾ ನಾನು ಬರೆದೆ. ಅಕ್ಷರದ ಎತ್ತರ ನಿಬ್ಬಿನ ಅಗಲದ ನಾಲ್ಕರಷ್ಟು, 3.8 ಮಿ.ಮೀ. ನಿಬ್ಬಾದರೆ ಸುಮಾರು 15 ಮಿ.ಮೀ. ಮೊದಲು 'ಓ', ಆಮೇಲೆ 'ಎನ್'. ಈ ಎರಡು ಸಿದ್ಧಿಸಿದರೆ ಉಳಿದ ಸಣ್ಣಕ್ಷರಗಳಲ್ಲಿ ಬಹುಪಾಲು ಕೈಗೆ ಬಂದಂತೆಯೇ. 'ಎನ್' ಅಕ್ಷರದ ಕಮಾನು ಕಂಬದ ಒಳಗಿನಿಂದ ಹೊರಟು, 'ಓ'ದ ವೃತ್ತದ ತುಂಡಿನಂತೆ ಬಾಗಬೇಕು. ಆ ಬಾಗು ಚಪ್ಪಟೆಯಾದರೆ ಇಡೀ ಸಾಲು ಕುಸಿದಂತೆ ಕಾಣುತ್ತದೆ.

ರ‍್ಯಾಮ್ಸೆಯ ಅಕ್ಷರಗಳ ಮೂಲ ಇನ್ನೂ ಹಿಂದಿನದು. 8ನೇ ಶತಮಾನದ ಕೊನೆಯಲ್ಲಿ, ಶಾರ್ಲಮೇನ್ ರಾಜನ ಕಾಲದ ಫ್ರಾಂಕ್ ರಾಜ್ಯದಲ್ಲಿ ಕೋರ್ಬಿಯಂಥ ಮಠಗಳಲ್ಲಿ ಸ್ಪಷ್ಟವಾದ, ದುಂಡನೆಯ ಕ್ಯಾರೊಲಿಂಜಿಯನ್ ಸಣ್ಣಕ್ಷರ ರೂಪುಗೊಂಡಿತು. ಯಾರ್ಕಿನ ವಿದ್ವಾಂಸ ಆಲ್ಕ್ವಿನ್ 796ರಲ್ಲಿ ಮಠಾಧಿಪತಿಯಾದ ಟೂರ್ಸ್ ಅದರ ದೊಡ್ಡ ಕೇಂದ್ರವಾಯಿತು.

ಮುಂದೆ ಗಾಥಿಕ್ ಟೆಕ್ಸ್ಚುರಾ. ನಿಬ್ಬನ್ನು 40-45 ಡಿಗ್ರಿಗೆ ಓರೆ ಮಾಡಿ, ಬಾಗುಗಳನ್ನು ಮುರಿದು, ಗೆರೆಯ ದಪ್ಪದಷ್ಟೇ ಬಿಳಿ ಜಾಗ ಬಿಟ್ಟು ಒತ್ತೊತ್ತಾಗಿ ಬರೆಯುವ ಶೈಲಿ ಇದು. ಇದರಲ್ಲಿ 'ಮಿನಿಮಮ್' ಎಂಬ ಲ್ಯಾಟಿನ್ ಪದ ಬರೆದಾಗ ನನ್ನ ಹಾಳೆಯ ಮೇಲೆ ನಿಂತದ್ದು ಒಂದೇ ಥರದ 15 ಕಂಬಗಳು. ಎಲ್ಲಿ 'ಎಮ್' ಮುಗಿಯಿತು, ಎಲ್ಲಿ 'ಐ' ಶುರುವಾಯಿತು ಎಂದು ಬರೆದವನಿಗೇ ಹೇಳಲಾಗದು. ಮಧ್ಯಯುಗದ ಲಿಪಿಕಾರರು 'ಐ' ತಲೆಯ ಮೇಲೆ ಸಣ್ಣದೊಂದು ಓರೆಗೆರೆ ಎಳೆಯತೊಡಗಿದ್ದು ಈ ಗೊಂದಲ ಬಿಡಿಸಲೆಂದೇ. ಇಂದಿನ ಚುಕ್ಕೆ ಅದರ ಸಂತಾನ. ಓರೆ ನಿಬ್ಬನ್ನು ಒಮ್ಮೆ ಊರಿ ಎತ್ತಿದರೆ ಚುಕ್ಕೆ ವಜ್ರಾಕೃತಿಯಲ್ಲಿ ಬೀಳುತ್ತದೆ. 1916ರಲ್ಲಿ ಜಾನ್‌ಸ್ಟನ್ ಲಂಡನ್ನಿನ ಸುರಂಗ ರೈಲಿಗೆ ಮಾಡಿಕೊಟ್ಟ ಅಚ್ಚಕ್ಷರದಲ್ಲಿ ದಪ್ಪ ತೆಳುವಿನ ಭೇದವೇ ಇಲ್ಲ. ಆದರೂ 'ಐ' ಮತ್ತು 'ಜೆ' ಮೇಲಿನ ಚುಕ್ಕೆ ವಜ್ರಾಕೃತಿಯದೇ. ಆ ಚುಕ್ಕೆ ನೋಡಿದಾಗಲೆಲ್ಲ ನನಗೆ ಲೇಖನಿ ಊರಿದ ಕೈಯೇ ಕಾಣುತ್ತದೆ.

ಟೆಕ್ಸ್ಚುರಾ ಬರೆದು ದಣಿದ ಕೈಗೆ 15ನೇ ಶತಮಾನದ ಫ್ಲಾರೆನ್ಸಿನ ವಿದ್ವಾಂಸರ ಬೇಸರ ಚೆನ್ನಾಗಿ ಅರ್ಥವಾಗುತ್ತದೆ. ಪೊಜ್ಜೊ ಬ್ರಾಚೊಲಿನಿ ಮತ್ತು ಅವನ ಗೆಳೆಯರು ರೋಮನ್ ಗ್ರಂಥಗಳನ್ನು ಹುಡುಕುತ್ತಾ ಹೋದಾಗ ಸಿಕ್ಕ ಹಳೆಯ ಪ್ರತಿಗಳು ಕ್ಯಾರೊಲಿಂಜಿಯನ್ ಲಿಪಿಯಲ್ಲಿದ್ದವು. ಪ್ರಾಚೀನರ ಅಕ್ಷರ ಇದೇ ಎಂದು ಭಾವಿಸಿ ಅದನ್ನೇ ಅನುಸರಿಸಿದರು. 1470ರಲ್ಲಿ ವೆನಿಸ್ಸಿನಲ್ಲಿ ನಿಕೊಲಾ ಜೆನ್ಸನ್ ಅದೇ ಬರಹದ ಮಾದರಿಯಲ್ಲಿ ಅಚ್ಚುಮೊಳೆ ಎರಕ ಹೊಯ್ಯಿಸಿ ಪುಸ್ತಕ ಮುದ್ರಿಸಿದ. ಇಂದು ಇಂಗ್ಲಿಷ್ ಪತ್ರಿಕೆಯಲ್ಲಿ ನಾವು ಓದುವ ಅಕ್ಷರಗಳು ಆ ಸಾಲಿನವು.

ಇದೇ ನಿಬ್ಬಿನಿಂದ ಕನ್ನಡವನ್ನೂ ಬರೆಯುತ್ತೇನೆ. ತಾಳೆಗರಿಯ ಮೇಲೆ ಕಂಟವೆಂಬ ಕಬ್ಬಿಣದ ಮೊನೆಯಿಂದ ಕೊರೆದು ಬೆಳೆದ ನಮ್ಮ ಬರಹದಲ್ಲಿ ಗೆರೆ ಎಲ್ಲೆಡೆ ಒಂದೇ ದಪ್ಪ. ಅದಕ್ಕೆ ದಪ್ಪ ತೆಳು ಕೊಡಬೇಕಾದರೆ ತಲೆಕಟ್ಟಿನ ತೂಕ ಎಷ್ಟಿರಬೇಕೆಂದು ನಾವೇ ತೀರ್ಮಾನಿಸಬೇಕು. 30 ಡಿಗ್ರಿಯಲ್ಲಿ ತಲೆಕಟ್ಟು ಬಡಕಲಾಗುತ್ತದೆ, ಹಾಗಾಗಿ ನಾನು 45ರ ಹತ್ತಿರ ಹಿಡಿಯುತ್ತೇನೆ. ಅದಕ್ಕೆ ಲೋಹದ ನಿಬ್ಬಿಗಿಂತ ನಾನೇ ಕೆತ್ತಿಕೊಂಡ ಬಿದಿರಿನ ಲೇಖನಿ ಹೆಚ್ಚು ಒಗ್ಗಿದೆ.

ಸದ್ಯ ಅಭ್ಯಾಸ ಮಾಡುತ್ತಿರುವುದು ಇಟಾಲಿಕ್. ಪೋಪರ ಕಚೇರಿಯ ಲಿಪಿಕಾರ ಲುಡೊವಿಕೊ ಅರಿಘಿ 1522ರಲ್ಲಿ ಅದನ್ನು ಜನರಿಗೆ ಕಲಿಸಲೆಂದೇ ಮರದ ಅಚ್ಚಿನ ಕೈಪಿಡಿ ಹೊರತಂದ. ಇಲ್ಲಿ ವೃತ್ತ ಕಿರಿದಾಗಿ ಅಂಡಾಕಾರವಾಗುತ್ತದೆ, ಕಮಾನು ಕಂಬದ ನಡುವಿನಿಂದಲೇ ಕವಲೊಡೆಯುತ್ತದೆ, ಲೇಖನಿ ಕಾಗದದಿಂದ ಏಳುವುದು ಕಡಿಮೆ. ಫೌಂಡೇಶನಲ್‌ಗಿಂತ ಕೈ ಬೇಗ ಓಡಬೇಕು. ನಿಧಾನಿಸಿದರೆ ಕವಲು ನಡುಗುತ್ತದೆ, ಆತುರಪಟ್ಟರೆ ಕೋನ ತಪ್ಪುತ್ತದೆ. ಸರಿಯಾದ ಆ ಓಟಕ್ಕಾಗಿ ಈಗ ದಿನವೂ 'ಎನ್' ಮತ್ತು 'ಎ' ಅಕ್ಷರಗಳನ್ನೇ ಸಾಲು ಸಾಲಾಗಿ ಬರೆಯುತ್ತಿದ್ದೇನೆ.